ಹನ್ನೊಂದು ಅಕ್ಷರದ ಚೀನೀ ಪಂಡಿತರು

ಲಿಫ್ಟ್ ರಿಪೇರಿಯವರಿಗೆ ಚೀನೀ ಭಾಷೆ ಬರುತ್ತದೆ ಎಂದರೆ ಬರುತ್ತದೆ. ಒಟ್ಟು ಹನ್ನೊಂದು ಅಕ್ಷರ, ಹನ್ನೊಂದೂ ಲಿಫ್ಟಿನ ಬಿಡಿಭಾಗಗಳ ಡಬ್ಬಿ ನೋಡಿ ಕಲಿತದ್ದು. ಮನೆಯ ಕಂಪ್ಯೂಟರಿನಲ್ಲಿ ತಾವೇ ಕಟ್ಟಿದ ವಿಡಿಯೊ ಗೇಮಿನ ಲೆವೆಲ್ಲಿಗೆ ಚೀನೀ ಹೆಸರೇ ಆಗಬೇಕೆಂದು ಮೂರು ವಾರದಿಂದ ಪಟ್ಟು ಹಿಡಿದಿದ್ದಾರೆ. "ನಮ್ ಭಾಷೇಲಿ ಹೆಸರಿಗೇನು ಬರವಾ?" ಎಂದು ಹೆಂಡತಿ ಕೇಳಿದರೆ, "ಮಷೀನು ಮಾತಾಡೋ ಭಾಷೆ ಅದು ಕಣೇ" ಎಂದು ಮೀಸೆ ತಿರುವುತ್ತಾರೆ. ಮಗಳು ಫೋನಿನಲ್ಲಿ ಹುಡುಕಿ 'ಮೋಡದಾಚೆಯ ಅರಮನೆ' ಎಂಬರ್ಥದ ಚೀನೀ ಹೆಸರೊಂದನ್ನು ತಂದುಕೊಟ್ಟಳು. ತಾವು ಕೈಯಾರೆ ಮುಟ್ಟದ ಅಕ್ಷರವನ್ನು ನಂಬುವುದಿಲ್ಲವೆಂದು ತಳ್ಳಿಹಾಕಿದರು. ಊಟಕ್ಕೆ ಕೂತಾಗಲೂ ಮೇಜಿನ ಮೇಲೆ ಒದ್ದೆ ಬೆರಳಿನಿಂದ ತಮ್ಮ ಅಕ್ಷರಗಳನ್ನು ಬರೆದು, ತಲೆ ಓರೆ ಮಾಡಿ ನೋಡಿ, ಒರೆಸುತ್ತಾರೆ. 'ಮೇಲೆ', 'ಕೆಳಗೆ', 'ಭಾರ', 'ಎಚ್ಚರ' ಎಲ್ಲವೂ ಲೆವೆಲ್ಲಿನ ಹೆಸರಾಗಿ ಒಂದೊಂದು ದಿನ ಆಳಿ ಇಳಿದವು. ಕೊನೆಗೆ ಗೆದ್ದದ್ದು ಲಿಫ್ಟಿನ ಬಟನ್ನಿನ ಮೇಲಿರುವ ಎರಡೇ ಅಕ್ಷರ: 'ಬಾಗಿಲು ತೆಗೆ'. ಲೆವೆಲ್ ಆಡಿ ನೋಡಿದ ಮಗಳು ಮುಖ ಸಿಂಡರಿಸಿದಳು. "ಅಪ್ಪಾ, ಯಾವ ಹಳ್ಳಕ್ಕೆ ಬಿದ್ರೂ ಅಲ್ಲೊಂದು ಬಾಗ್ಲು ಇಟ್ಟಿದೀರಲ್ಲ. ಸಿಕ್ಕಿಹಾಕ್ಕೊಳ್ಳೋ ಭಯಾನೇ ಇಲ್ದಿದ್ರೆ ಅದೆಂಥಾ ಆಟ?" ಎರಡು ಮಹಡಿಗಳ ನಡುವೆ ನಿಂತುಹೋದ ಕತ್ತಲ ಪೆಟ್ಟಿಗೆಯೊಳಗಿಂದ ಬರುವ ಅಳುವಿಗೆ ಇಪ್ಪತ್ತಾರು ವರ್ಷ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದವರು ಅವರು. ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳಿದರು: "ನಾನಿರೋ ಕಡೆ ಇವತ್ತಿನವರೆಗೂ ಒಬ್ರೂ ಒಳಗೇ ಉಳಿದಿಲ್ಲ ಕಣಮ್ಮಾ. ಆಟದಲ್ಲೂ ಉಳಿಯಲ್ಲ."