ನೆಟ್ ಇಲ್ಲದ ಊರಿನ ಬ್ಲಾಗು

“ನೆಟ್ಟೇ ಬರದ ಊರ್ನೋರಿಗೆ ಬ್ಲಾಗ್ ಯಾತಕ್ಕಕ್ಕ?” ಅಂತ ಎಚ್.ಡಿ. ಕೋಟೆಯ ಕಂಪ್ಯೂಟರ್ ಅಂಗಡಿಯವನು ನಕ್ಕಾಗ ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಕೇಳಿದ್ದು ಇಷ್ಟೇ: ನೆಟ್ ಇಲ್ಲದಾಗಲೂ ಲ್ಯಾಪ್‌ಟಾಪಿನಲ್ಲೇ ಬರೆದಿಟ್ಟುಕೊಂಡು, ಕೋಟೆಗೆ ಬಂದಾಗ ಬ್ಲಾಗಿಗೆ ಹಾಕುವಂಥ ಸಾಫ್ಟ್‌ವೇರ್ ಯಾವುದಿದೆ? ಕಾಕನಕೋಟೆ ಕಾಡಂಚಿನ ನಮ್ಮೂರಲ್ಲಿ ಬ್ರೌಸರ್‌ನಲ್ಲಿ ಬರೆಯಲು ಕೂತರೆ, ಸಿಗ್ನಲ್ ಹೋದ ಕೂಡಲೇ ಬರೆದದ್ದೂ ಹೋಗುತ್ತದೆ.

ಅವನು ತನ್ನ ಕಂಪ್ಯೂಟರನ್ನು ನನ್ನತ್ತ ತಿರುಗಿಸಿದ. “ಬ್ಲಾಗ್ ಅಂದ್ರೆ ಇಂಗಿರ್ಬೇಕು ನೋಡಿ. ಸಫಾರಿಗೆ ಬಂದೋರು ನಿಮ್ ಕಡೇದೇ ಬರ್ದವ್ರೆ.”

ನೋಡಿದೆ. ಫೋಟೊದಲ್ಲಿ ಒಂಟಿ ಸಲಗ. ಅದರ ಹಿಂದೆ ನಮ್ಮ ಹೊಲದ ಮರ, ಮರದ ಮೇಲೆ ನಾನೂ ನನ್ನ ಗಂಡನೂ ಕಾವಲು ಕೂರುವ ಅಟ್ಟಣೆ, ಅದಕ್ಕೆ ಮರೆ ಕಟ್ಟಿದ ನನ್ನದೇ ಹಳೇ ಸೀರೆ. ಕೆಳಗೆ ಬರೆದಿತ್ತು: ‘ಹಚ್ಚಹಸಿರು ಹುಲ್ಲಿನಲ್ಲಿ ನೆಮ್ಮದಿಯಾಗಿ ಮೇಯುತ್ತಿರುವ ಗಜರಾಜ.’

“ನಾನು ಕೇಳಿದ್ದನ್ನ ಈಗ್ಲೇ ಹುಡುಕಿ ಹಾಕ್ಕೊಡಪ್ಪ,” ಅಂದೆ. ನನ್ನ ದನಿಗೆ ಹೆದರಿಯೋ ಏನೋ, ಕೂಡಲೇ ಹುಡುಕಿ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ.

ಅದೇ ಸಂಜೆ, ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲದ ಮನೆಯಲ್ಲಿ ಕೂತು ಮೊದಲ ಸಾಲು ಬರೆದೆ: ‘ಅದು ಹುಲ್ಲಲ್ಲ ಸ್ವಾಮಿ, ನಮ್ಮ ರಾಗಿ.’