ಒಂದ ರಿಂಗು, ಒಂದು ಪಾಳಿ ನೀರು

ಮೊನ್ನೆ ನನ್ನ ಫೋನು ಮುಂಜಾನಿಂದ ಸುಳ್ಳು ಹೇಳ್ತು. ಸಂಜಿಗೆ ಖರೇ ಹೇಳ್ತು, ನಾ ನಂಬಲಿಲ್ಲ. ನನ್ನ ಪಾಳಿ ನೀರು ಮಂದಿ ಗದ್ದಿಗೆ ಹೋತು.

ನಮ್ಮದು ಗಂಗಾವತಿ ಕಡೆ ಕಾಲುವಿ ಭೂಮಿ. ಭತ್ತದ ಸಸಿ ಹಾಕೀನಿ. ನನ್ನ ಗದ್ದಿ ಮ್ಯಾಲ ತಾಯವ್ವನ ಗದ್ದಿ. ಆಕಿ ಪಾಳಿ ಮುಗದು ತೂಬು ಮುಚ್ಚಿದ್ಲಂದ್ರ ನನಗೊಂದು ಮಿಸ್ ಕಾಲ್. ಒಂದ ರಿಂಗು, ಬಂದ್. ನಾ ಹೋಗಿ ನನ್ನ ತೂಬು ತೆಗೀಬೇಕು. ತಡ ಮಾಡಿದ್ರ ಕೆಳಗಿನ ಗದ್ದಿ ಬಸಪ್ಪ ನೀರು ತನ್ನ ಕಡೆ ತಿರುವಿಕೊಂಡ ಬಿಡ್ತಾನ.

(ಒಮ್ಮೆ ಮರತು ಎತ್ತಿದ್ದೆ. "ಯಾಕ ಎತ್ತಿದಿ ಯಕ್ಕಾ? ನನ್ನ ರೊಕ್ಕ ಹೋತಲ್ಲ!" ಅಂತ ಅದ ಫೋನಿನ್ಯಾಗ ಬೈಕೋತ ಕುಂತ್ಲು. ರೊಕ್ಕ ಇನ್ನಷ್ಟು ಹೋತು.)

ಈಗ ಸೊಸಿ ರೇಣುಕಾ ಹೊಸಾ ಫೋನ್ ಕೊಟ್ಟಾಳ. ಅದರಾಗ ಇಂಟರ್ನೆಟ್ ಮ್ಯಾಲ ಮಾತಾಡೋ ಆಪ್ ಮೂರು.

"ಮೂರ್ಯಾಕವಾ, ನನಗಿರೂದು ಒಂದ ಬಾಯಿ" ಅಂದೆ.

"ಅತ್ತಿ, ಒಂದ್ರಾಗ ಆವಾಜ್ ಛಲೋ. ಒಂದ್ರಾಗ ಮಾರಿ ಛಲೋ ಕಾಣತೈತಿ. ಇನ್ನೊಂದು ಹೊಸಾದು, ಗಿಫ್ಟ್ ಕೊಡ್ತಾರ. ಎಲ್ಲಾ ಫ್ರೀ."

ನನ್ನ ಮಾರಿ ಎದರಾಗ ನೋಡಿದ್ರೂ ಅದ ಮಾರಿ. ಗಿಫ್ಟ್ ಇನ್ನೂ ಬಂದಿಲ್ಲ.

ಸಂತ್ಯಾಗ ಬದನಿಕಾಯಿ ಮಾರೋರು ಒಬ್ಬರಕಿಂತ ಒಬ್ಬರು ಜೋರು ಒದರತಾರ. ಈ ಕಂಪನಿಗಳೂ ಹಂಗ. ಬದನಿಕಾಯಿಯವ ನನ್ನ ಉಡಿಯೊಳಗ ಕುಂತು ಒದರೂದಿಲ್ಲ, ಅಷ್ಟ ಫರಕು.

ಮೊನ್ನೆ ಮುಂಜಾನೆ ಒಂದ ರಿಂಗು ಬಂತು, ಬಂದ್ ಆತು. (ಪರದಿ ಮ್ಯಾಲಿನ ಸಣ್ಣ ಅಕ್ಷರ ನನಗ ಓದಾಕ ಬರೂದಿಲ್ಲ.) ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಓಡಿದೆ. ತಾಯವ್ವ ಬದುವಿನ ಮ್ಯಾಲ ಕುಂತು ಎಲಿ ಅಡಕಿ ಹಾಕ್ಕೊಳ್ಳಾಕತ್ತಿದ್ಲು.

"ನಾ ಎಲ್ಲಿ ಕೊಟ್ಟೇನಿ? ಕನಸು ಬಿತ್ತೇನು?"

ಮನಿಗೆ ಬಂದ್ರ ರೊಟ್ಟಿ ಕರಕ. ಸೊಸಿ ಫೋನು ನೋಡಿ ಅಂದ್ಲು: "ಹೊಸಾ ಆಪ್‌ನವರು, ಅತ್ತಿ. ನೀವು ಭಾಳ ದಿನದಿಂದ ಯಾರಿಗೂ ಫೋನ್ ಮಾಡಿಲ್ಲಂತ ನೆನಪು ಮಾಡ್ಯಾರ."

ಎಲಾ ಇವರ! ನನ್ನ ತವರುಮನಿಯವರೂ ಇಷ್ಟು ನೆನಸೂದಿಲ್ಲ.

ಮಧ್ಯಾಹ್ನ ಮತ್ತ ರಿಂಗು. ಮತ್ತ ಓಡಿದೆ. ಅದು ಇನ್ನೊಂದು ಕಂಪನಿ. ಅವರು ನೆನಸಿದ ಮ್ಯಾಲ ಇವರು ಬಿಡ್ತಾರೇನು?

ಸಂಜಿ ರಿಂಗಿಗೆ ನಾ ಏಳಲಿಲ್ಲ. "ಒದರ್ಕೋ" ಅಂತ ಎಮ್ಮಿ ಹಿಂಡ್ಕೋತ ಕುಂತೆ.

ಅದು ತಾಯವ್ವ.

ನಾ ಹೋಗೂದ್ರಾಗ ಬಸಪ್ಪನ ಗದ್ದಿ ತುಂಬಿ ತುಳುಕತಿತ್ತು. ನನ್ನ ಸಸಿಮಡಿ ಬಿರುಕು ಬಿಟ್ಟು ನಿಂತಿತ್ತು.

"ರಿಂಗು ಕೊಟ್ನೆಲ್ಲ, ಎಲ್ಲಿ ಹಾಳಾಗಿದ್ದಿ ಯಕ್ಕಾ?" ಅಂತ ತಾಯವ್ವ ಬೈದ್ಲು. ಬಸಪ್ಪ ಹಲ್ಲು ಕಿಸದು, "ಯವ್ವಾ, ನಿಮ್ಮ ಆಪ್‌ನ್ಯಾಗ ನೀರೂ ಬರತೈತೇನು ನೋಡ್ರಿ" ಅಂದ. ಅವನ ಜಾಗಾದಾಗ ನಾ ಇದ್ರೂ ಹಂಗ ಅಂತಿದ್ದೆ. ಸಿಟ್ಟು ಅವನ ಮ್ಯಾಲಲ್ಲ.

ಮುಂದಿನ ಪಾಳಿತನಕ ಸಸಿ ಉಳಿತಾವೋ ಇಲ್ಲೋ. ಕೊಡದಾಗ ನೀರು ಹೊತ್ತು ಹಾಕಾಕತ್ತೀನಿ. ಹಳೇ ಗುಂಡಿ ಫೋನು ಹುಡುಕಿ ಚಾರ್ಜಿಗೆ ಹಚ್ಚೀನಿ.

"ಫ್ರೀ ಇದ್ದದ್ದು ಬಿಟ್ಟು ಅದ್ಯಾಕ ಅತ್ತಿ?" ಅಂತಾಳ ಸೊಸಿ.

ಪುಕ್ಕಟ, ಪುಕ್ಕಟ ಅಂತ ಜಿದ್ದಿಗೆ ಬಿದ್ದು ಒದರೋ ಕಂಪನಿಯವರ, ಒಂದ ಮಾತು ಹೇಳ್ರಿ: ನಮ್ಮ ಮಿಸ್ ಕಾಲಿಗೆ ಯಾವಾಗ ರೊಕ್ಕ ಹತ್ತಿತ್ತು?