ವೃಂದಾ ಮಾವಶಿಯ ಎಡಗಾಲು

ಧಾರವಾಡದಲ್ಲಿ ಕಾರು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಹದಿನೈದೇ ದಿನದಲ್ಲಿ ಕಲಿಸುತ್ತೇನೆಂದು ಎದೆ ತಟ್ಟಿ ಹೇಳುವವರು ನಮ್ಮ ಓಣಿಗೆಲ್ಲ ಚಿಕ್ಕಮ್ಮನಂತಿರುವ ವೃಂದಾ ಮಾವಶಿ ಒಬ್ಬರೇ. ವಯಸ್ಸು ಐವತ್ತೆಂಟು, ಮೈಮೇಲೆ ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು, ಸಿಟ್ಟು ಮೂಗಿನ ತುದಿಯಲ್ಲಿ. ನನಗೂ ಸ್ಟಿಯರಿಂಗ್ ಹಿಡಿಸಿದ್ದು ಅವರೇ. ಹದಿನೈದು ದಿನದಲ್ಲಿ ಕಲಿತೆನೆಂದು ನಾನೂ ಊರೆಲ್ಲ ಜಂಬ ಕೊಚ್ಚಿಕೊಂಡಿದ್ದೇನೆ.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಕಳೆದ ತಿಂಗಳು, ಹನಮೇಶನ ಗ್ಯಾರೇಜಿನಲ್ಲಿ. ಮಾವಶಿಯ ಕಾರಿನ ಕ್ಲಚ್ ಒಂದೇ ವರ್ಷದಲ್ಲಿ ಎರಡನೇ ಸಲ ಸುಟ್ಟಿತ್ತು. ಅವರನ್ನು ಸ್ಕೂಟರಿನಲ್ಲಿ ಅಲ್ಲಿಗೆ ಕರೆದೊಯ್ದವನು ನಾನು. ಮರುದಿನ ಮಾವಶಿಯ ಶಿಷ್ಯೆ ಮಾನಸಿಯ ಲೈಸೆನ್ಸ್ ಪರೀಕ್ಷೆ, ಅದೂ ಮೂರನೇ ಸಲ. ಮಾನಸಿ ಹೆಬ್ಬಳ್ಳಿಯವಳು, ಧಾರವಾಡದ ಖಾನಾವಳಿಗಳಿಗೆ ಖಡಕ್ ರೊಟ್ಟಿ ಮಾಡಿ ಕಳಿಸುತ್ತಾಳೆ. ಅದಕ್ಕೆಂದೇ ಹಳೆಯ ವ್ಯಾನ್ ಕೊಂಡಿದ್ದಾಳೆ. ಈ ಸಲವೂ ಫೇಲಾದರೆ ವ್ಯಾನ್ ಮಾರಿಬಿಡುವುದೆಂದು ಅವಳ ಮನೆಯಲ್ಲಿ ಮಾತಾಗಿತ್ತು. ಮಾವಶಿ ಪಕ್ಕದಲ್ಲಿದ್ದರೆ ಸಲೀಸಾಗಿ ಓಡಿಸುವವಳು, ಇನ್ಸ್‌ಪೆಕ್ಟರ್ ಬಂದು ಕೂತ ಕೂಡಲೇ ಏರಿನಲ್ಲಿ ನಿಂತ ಗಾಡಿಯನ್ನು ಎತ್ತಿ ಮುಂದೆ ಒಯ್ಯಲಾಗದೆ ಬಂದ್ ಮಾಡುತ್ತಿದ್ದಳು. ಅಂಜುಬುರುಕಿ ಎಂದು ಮಾವಶಿ ತೀರ್ಪು ಕೊಟ್ಟಿದ್ದರು.

ಹನಮೇಶ ಗೇರ್‌ಬಾಕ್ಸ್ ಇಳಿಸಿ, ಸುಟ್ಟು ಕರಕಲಾದ ಕ್ಲಚ್ ಪ್ಲೇಟನ್ನು ತಂದು ತೋರಿಸಿದ.

“ಈ ಹುಡುಗ್ಯಾರು ಅರ್ಧಾ ಕ್ಲಚ್ ಒತ್ತಿ ಒತ್ತಿ ಸುಡತಾವ,” ಎಂದರು ಮಾವಶಿ. “ಕೇಳಿದ್ರ ಗಾಡೀದ ತಪ್ಪು ಅಂತಾವ. ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕು ಅಂದಂಗ.”

ಹನಮೇಶ ಕಾರಿನ ಬಾಗಿಲು ತೆರೆದು ಕೆಳಗಿನ ಪೆಡಲ್‌ಗಳನ್ನು ತೋರಿಸಿದ. ಕಲಿಸುವ ಕಾರಿನಲ್ಲಿ, ಆಪತ್ತಿಗೆ ಇರಲೆಂದು, ಕಲಿಸುವವರ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಕಲಿಯುವವರ ಕ್ಲಚ್ಚಿನ ರಬ್ಬರಿನ ಮೇಲೆ ಗೆರೆಗಳು ಇನ್ನೂ ಇದ್ದವು. ಮಾವಶಿಯ ಕ್ಲಚ್ಚಿನ ರಬ್ಬರ್ ಸವೆದು ಬೋಳಾಗಿತ್ತು.

“ಹುಡುಗ್ಯಾರಲ್ರಿ ಬಾಯಾರ. ನಿಮ್ಮ ಎಡಗಾಲು ಯಾವತ್ತೂ ಇದರ ಮ್ಯಾಲ ಇರತೈತಿ. ಅವರು ದಡಕ್ನ ಬಿಟ್ರ ನೀವು ಹಗೂರಕ ಬಿಡತೀರಿ. ಏರಿನ್ಯಾಗ ಗಾಡಿ ಎತ್ತೂದು ನೀವು. ಅವರು ಬರೇ ಸ್ಟೇರಿಂಗ್ ತಿರಗಸ್ತಾರ.”

ಮಾವಶಿಯ ಮುಖ ಕೆಂಪಾಯಿತು. “ಇಪ್ಪತ್ತೆರಡು ವರ್ಷಾತು ನಾ ಕಲಸ್ಲಿಕ್ಕತ್ತು. ನೀ ನಿನ್ನ ಪಾನಾ ಹಿಡಿ,” ಎಂದು ಅವನ ಸ್ಪ್ಯಾನರಿನತ್ತ ಬೆರಳು ತೋರಿದರು. ನನಗಂತೂ ನಾಚಿಕೆಯಾಯಿತು. ನಾನು ಕಲಿತದ್ದೆಷ್ಟು, ಆ ಎಡಗಾಲು ಓಡಿಸಿದ್ದೆಷ್ಟು, ಯಾರಿಗೆ ಗೊತ್ತು.

ಹೊಸ ಪ್ಲೇಟು ಕೂಡಿಸಿ ಹನಮೇಶ ಕಾರಿನ ಕೆಳಗೆ ನುಸುಳಿದ. ಗೇರ್‌ಬಾಕ್ಸನ್ನು ಜಾಕಿನಿಂದ ಮೇಲೆತ್ತಿ, ಅದರ ಶಾಫ್ಟನ್ನು ಪ್ಲೇಟಿನ ನಡುವಿನ ಹಲ್ಲುಗಳೊಳಗೆ ತೂರಿಸಬೇಕು. ಎರಡು ಬೆರಳಿನಷ್ಟು ಸಂದು ಉಳಿದು ಅದು ಅಲ್ಲೇ ನಿಂತುಬಿಟ್ಟಿತು.

“ಬೋಲ್ಟ್ ಹಾಕಿ ಬಿಗದುಬಿಡೋ, ತಾನಽ ಬರ್ತದ,” ಎಂದರು ಮಾವಶಿ.

“ಬರತೈತ್ರಿ. ಹಲ್ಲು ಮುರಕೊಂಡು ಬರತೈತಿ.”

ಮಾವಶಿಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿ, ಬಾನೆಟ್ಟಿನೊಳಗೆ ಬಾಗಿ, ಗೇರ್‌ಬಾಕ್ಸಿಗೆ ಕೈ ಹಚ್ಚಿ ದೂಡಿದರು.

“ಕೈ ತಗೀರಿ ಬಾಯಾರ,” ಎಂದ ಹನಮೇಶ ಕೆಳಗಿನಿಂದ. “ನೀವು ದೂಡಿದ್ರ ಅದು ಎಲ್ಲಿ ಹಿಡದೈತಿ ಅಂತ ನನ್ನ ಕೈಗೆ ಗೊತ್ತಾಗೂದಿಲ್ಲ.”

ಮಾವಶಿ ಕೈ ತೆಗೆದರು. ಹಲ್ಲಿಗೆ ಹಲ್ಲು ಕೂಡಲೆಂದು ಅವನು ಪಾನಾ ಹಾಕಿ ಎಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸಿದ, ಗೇರ್‌ಬಾಕ್ಸನ್ನು ತುಸು ಓರೆ ಮಾಡಿ ದೂಡಿದ. ಆಗಲಿಲ್ಲ. ಅವಸರವೇ ಇಲ್ಲದೆ ಮತ್ತಷ್ಟು ತಿರುಗಿಸಿದ. ಆಗ ಅದು ಸರ್ರನೆ ಒಳಗೆ ಸರಿದು ಎಂಜಿನ್ನಿಗೆ ಕೂತಿತು. ಬೋಲ್ಟುಗಳು ಬೆರಳಿನಿಂದಲೇ ತಿರುಗಿದವು.

ಕೊನೆಗೆ ಅವನು ಕೇಳಿದ, “ನಿಮ್ಮ ಕಡೆ ಕ್ಲಚ್ ಜೋಡಸ್ಲೇನ್ರಿ?”

“ಜೋಡಸು. ಕಾಯ್ದೆ ಅದ,” ಎಂದರು ಮಾವಶಿ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸಂಜೆ ಮಾನಸಿ ಬಂದಳು. ನಾನು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಕೆಲಗೇರಿ ರಸ್ತೆಯ ಏರಿನ ನಟ್ಟನಡುವೆ ಗಾಡಿ ನಿಲ್ಲಿಸಲು ಹೇಳಿ, ಮಾವಶಿ ಹ್ಯಾಂಡ್‌ಬ್ರೇಕ್ ಎಳೆದು ಬೂಟು ಕಳಚಿದರು. ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

“ಎತ್ತು.”

ಗಾಡಿ ಜಗ್ಗಿ ಬಂದ್ ಆಯಿತು. ಎರಡನೇ ಸಲವೂ ಅಷ್ಟೇ. ಹಿಂದೆ ಬಸ್ಸು ಹಾರನ್ ಬಾರಿಸಿತು. ಮಾನಸಿ ಪಕ್ಕಕ್ಕೆ ತಿರುಗಿ ಮಾವಶಿ ಕೂತ ರೀತಿ ಕಂಡಳು.

“ಕಾಲು ಕೆಳಗ ಇಡ್ರಿ ಅಕ್ಕೋರ.”

“ಇಡೂದಿಲ್ಲ. ಎರಡು ಸಲ ನಿನ್ನ ಫೇಲ್ ಮಾಡಿದಾಕಿ ನಾನು. ಗಾಡಿ ನಾ ಎತ್ತಿ, ನಿನಗ ಶಾಬಾಸ್ ಅಂದೆ. ತಪ್ಪು ನಂದು. ಈಗ ನೀ ಎತ್ತು.”

ಮಾನಸಿ ಕಣ್ಣೊರೆಸಿಕೊಂಡಳು. ಕ್ಲಚ್ಚನ್ನು ಮೆಲ್ಲಗೆ, ಮೆಲ್ಲಗೆ ಬಿಟ್ಟಳು. ಒಂದು ಹಂತದಲ್ಲಿ ಎಂಜಿನ್ನಿನ ದನಿ ಬದಲಾಯಿತು. ಕಾಲನ್ನು ಅಲ್ಲೇ ತಡೆದು, ಹ್ಯಾಂಡ್‌ಬ್ರೇಕ್ ಇಳಿಸಿದಳು. ಗಾಡಿ ಏರು ಹತ್ತಿತು.

ಮೇಲೆ ಹೋಗಿ ತಾನಾಗಿಯೇ ನಿಲ್ಲಿಸಿ, “ಇನ್ನೊಮ್ಮೆ ಮಾಡ್ತೇನ್ರಿ,” ಎಂದಳು.

ಮಾವಶಿ ಇಳಿದು ನನ್ನನ್ನು ಮುಂದೆ ಕೂರಿಸಿದರು. “ನಾಳೆ ನಾ ಹೊರಗ ನಿಂತಿರತೀನಿ. ಇವತ್ತೂ ಹಂಗಽ ಆಗ್ಲಿ,” ಎಂದು ಬಾಗಿಲು ಹಾಕಿದರು.

ಕೆಳಗೆ ಹೋಗಿ ತಿರುಗಿ ಬಂದು, ಅದೇ ಏರಿನಲ್ಲಿ ಮಾನಸಿ ಗಾಡಿ ನಿಲ್ಲಿಸಿದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಒಂದೇ ಸಲಕ್ಕೆ ಎತ್ತಿದಳು. ಮೇಲೆ ರಸ್ತೆಯ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದ ಮಾವಶಿ, ಅವಳು ವೇಗ ಇಳಿಸುವುದನ್ನು ಕಂಡು, ನಿಲ್ಲಬೇಡ, ಹೋಗು ಹೋಗು ಎಂದು ಕೈಬೀಸಿದರು.